ಆಗದ ವಾಸಿಗೆ ಸ್ತೋತ್ರ

ಭಾನುವಾರ, ಸೆಪ್ಟೆಂಬರ್ ೧೪

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ವಂದನೆಗಳು. ನಿಮ್ಮ ಪತ್ರಗಳಿಗೆ ಉತ್ತರಿಸದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀರಿ. ಬೈಯಿರಿ. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು, ಆದರೆ ನಿಜ ಅದಲ್ಲ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಮೊಣಕಾಲು ನೋವು ಹೇಗಿದೆ? ಭಾವನವರ ಮನೆಯ ಮೆಟ್ಟಿಲು ಹತ್ತಿಳಿಯುವ ಶೂರತನ ಸಾಕು ಮಾಡಿ.

ನಾನು ಬಸ್ ನಿಲ್ದಾಣದ ಅದೇ ಟಿಕೆಟ್ ಕೌಂಟರಿನಲ್ಲಿದ್ದೇನೆ. ಫ್ಯಾನ್ ಕೆಟ್ಟಿದೆ. ಕುರ್ಚಿ ಹಿಂದಕ್ಕೆ ಎಳೆದರೆ ಗೋಡೆ, ಮುಂದಕ್ಕೆ ಎಳೆದರೆ ಗಾಜು.

ನಿಮ್ಮ ಮಗನಿಗೆ ಡಿಕ್ಕಿ ಹೊಡೆದು ಪ್ರಾಣ ತೆಗೆದ ಲಾರಿಯವನು ಜೈಲಿನಿಂದ ಬಿಡುಗಡೆಯಾದದ್ದು ನಿಮಗೆ ಗೊತ್ತು. ಈಗ ಅವನು ನಮ್ಮ ಸಭೆಗೇ ಬರುತ್ತಾನೆ. ಜೈಲಿಗೆ ಹೋಗಿ ಪ್ರಾರ್ಥನೆ ನಡೆಸುತ್ತಿದ್ದ ನಮ್ಮ ಪಾಸ್ಟರೇ ಅವನನ್ನು ಕರ್ತನ ಬಳಿಗೆ ತಂದವರು. ಕುಡಿತ ಬಿಟ್ಟಿದ್ದಾನಂತೆ, ಹೊಸ ಮನುಷ್ಯನಾಗಿದ್ದಾನಂತೆ. ಎಲ್ಲರೂ ಸ್ತೋತ್ರ ಹೇಳುತ್ತಾರೆ. ನಾನು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿ ಕೂರುತ್ತೇನೆ. ಅವನಿಗೆ ಸಿಕ್ಕ ಸಮಾಧಾನ ನನಗೇಕೆ ಸಿಗಲಿಲ್ಲ ಎಂದು ದೇವರ ಹತ್ತಿರ ಜಗಳವಾಡುತ್ತೇನೆ.

ಕಳೆದ ತಿಂಗಳು ಅವನು ಸಭೆಯ ಮುಂದೆ ನಿಂತು, ಕರ್ತನು ತನ್ನನ್ನು ಬದಲಿಸಿದ ಸಾಕ್ಷಿ ಹೇಳಿದ. ಮುಗಿದ ಮೇಲೆ ಪಾಸ್ಟರ್ ನನ್ನತ್ತ ನೋಡಿ, "ಬಾ ಮಗಳೇ, ಕರ್ತನು ಇವತ್ತು ನಿನ್ನನ್ನೂ ವಾಸಿ ಮಾಡ್ತಾನೆ" ಎಂದರು. ಬೆಂಚಿನ ನಡುವೆ ಸಿಕ್ಕಿಕೊಂಡಿದ್ದೆ. ಆಚೆಗೂ ಜನ, ಈಚೆಗೂ ಜನ. ನಾನು ಏಳುವವರೆಗೂ ಹಾಡುವವರು ಒಂದೇ ಪಲ್ಲವಿಯನ್ನು ತಿರುಗಿಸಿ ತಿರುಗಿಸಿ ಹಾಡಿದರು. ಎದ್ದಿರದಿದ್ದರೆ ಇವತ್ತಿಗೂ ಹಾಡುತ್ತಿದ್ದರೇನೋ! ಹೋದೆ, ಅವನತ್ತ ಕೈ ಚಾಚಿದೆ. "ಕ್ಷಮಿಸಿದ್ದೀನಿ" ಎಂದು ನನ್ನ ಬಾಯಿ ಹೇಳಿತು. ಚಪ್ಪಾಳೆ ಬಿತ್ತು, ಪಾಸ್ಟರಮ್ಮ ಅತ್ತರು. ನನ್ನೊಳಗೆ ಒಂದು ಎಲೆಯೂ ಅಲುಗಲಿಲ್ಲ.

ಅಂದಿನಿಂದ ನನಗೆ ಉಸಿರುಗಟ್ಟತೊಡಗಿತು ಅತ್ತೆ. ದಾರಿಯಲ್ಲಿ ಸಿಕ್ಕವರೆಲ್ಲ ಕೈ ಹಿಡಿದು, "ನಿಮ್ಮಂಥ ಮನಸ್ಸು ಯಾರಿಗಿದೆ?" ಎನ್ನುತ್ತಾರೆ. ಆಗದ ವಾಸಿಗೆ ಊರೆಲ್ಲ ಸ್ತೋತ್ರ. ಇಲ್ಲ ಎನ್ನುವ ಹಾಗಿಲ್ಲ, ಹೌದೆನ್ನಲು ನಾಲಗೆ ಬರುವುದಿಲ್ಲ.

ಒಂದು ಮಧ್ಯಾಹ್ನ ಅವನೇ ಕೌಂಟರಿನ ಸಾಲಿನಲ್ಲಿ ನಿಂತಿದ್ದ. ಎದ್ದು ಹೋಗಲು ಎಲ್ಲಿದೆ ಜಾಗ?

"ಎಲ್ಲಿಗೆ?" ಎಂದೆ, ತಲೆಯೆತ್ತದೆ.

"ಎಲ್ಲಿಗೂ ಬೇಡ ಅಕ್ಕಾ. ಅವತ್ತು ನಿಮ್ಮ ಕೈ ಮರಗಟ್ಟಿ ಹೋಗಿತ್ತು. ನೀವು ಕ್ಷಮಿಸಿಲ್ಲ, ನಂಗೊತ್ತು. ನಾನು ಬೇರೆ ಸಭೆಗೆ ಹೋಗ್ಲಾ?"

ಇಷ್ಟು ಜನರಲ್ಲಿ ನನ್ನ ನಿಜ ಕಂಡವನು ಅವನೊಬ್ಬನೇ! ಹಿಂದಿದ್ದ ದಪ್ಪ ಮೀಸೆಯವರು, "ರೀ, ಕಷ್ಟಸುಖ ಮಾತಾಡೋಕೆ ಮನೆ ಇಲ್ವಾ?" ಎಂದು ರೇಗಿದರು. ನಾನು ಕೇಳಬೇಕೆಂದುಕೊಂಡಿರಲಿಲ್ಲ. ಗಾಜಿನ ತೂತಿಗೆ ಬಾಯಿಟ್ಟು ಕೇಳಿಯೇಬಿಟ್ಟೆ: "ಕೊನೆಗೆ ಅವ್ರು ಏನಾದ್ರೂ ಅಂದ್ರಾ?"

ಅವನು ಹೇಳಿದ. ರಸ್ತೆಯ ಮೇಲೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ಹೇಳಿ ಹೊರಟವನನ್ನು, "ಹೋಗ್ಬೇಡಿ, ನಮ್ಮ ಸಭೆಗೇ ಬನ್ನಿ" ಎಂದೆ. ಮನಸ್ಸಿನಲ್ಲಿ ಇಂದಿಗೂ 'ಅವನು' ಆಗಿರುವವನಿಗೆ ಬಾಯಲ್ಲಿ 'ಬನ್ನಿ' ಹೇಗೆ ಬಂತೋ, ದೇವರಿಗೇ ಗೊತ್ತು.

ಸಂಜೆ ಪಾಸ್ಟರ ಮನೆಗೆ ಹೋಗಿ, "ನಾನು ವಾಸಿಯಾಗಿಲ್ಲ ಅಯ್ಯಾ, ಕ್ಷಮಿಸೋಕೆ ಇಷ್ಟವೂ ಇಲ್ಲ" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅವಸರ ಮಾಡಿದ್ದು ನಾನು ಮಗಳೇ. ವಾಸಿ ಮಾಡೋದು ನನ್ನ ಕೆಲಸ ಅಂದ್ಕೊಂಡ್ಬಿಟ್ಟೆ. ಇಷ್ಟ ಇಲ್ಲ ಅಂತಾನೇ ಕರ್ತನಿಗೆ ಹೇಳು."

ಈಗ ಹಾಗೇ ಹೇಳುತ್ತೇನೆ. ಕರ್ತನೇ, ಈ ಕಲ್ಲನ್ನು ನಾನು ಎತ್ತಲಾರೆ, ನೀನೇ ಎತ್ತು ಎನ್ನುತ್ತೇನೆ. ಕಲ್ಲು ಇನ್ನೂ ಇದ್ದಲ್ಲೇ ಇದೆ. ಆದರೆ ನಾಟಕವಾಡದೆ ಮೊಣಕಾಲೂರುವುದು ಎಷ್ಟು ಹಗುರ ಅತ್ತೆ! ಇವತ್ತು ಆರಾಧನೆಯಲ್ಲಿ ಅವನ ದನಿ ಕೇಳಿಸಿತು. ತೀರಾ ಅಪಸ್ವರ. ಎದ್ದು ಹೋಗಬೇಕು ಅನ್ನಿಸಲಿಲ್ಲ.

ಕರ್ತನು ನಿಮ್ಮನ್ನು ತನ್ನ ರೆಕ್ಕೆಯ ಮರೆಯಲ್ಲಿ ಕಾಪಾಡಲಿ, ನಿಮ್ಮ ನಿದ್ರೆ ಸುಖವಾಗಿರಲಿ. ಭಾವನವರಿಗೂ ಅಕ್ಕನಿಗೂ ನನ್ನ ವಂದನೆ ತಿಳಿಸಿ.

ಇತಿ,
ನಿಮ್ಮ ಸೊಸೆ

ತಾ.ಕ.: ಇದನ್ನು ಒಬ್ಬರೇ ಇರುವಾಗ ಓದಿ. ನಿಮ್ಮ ಮಗ ಕೊನೆಗೆ ಹೇಳಿದ್ದು, "ಅಮ್ಮಂಗೆ ಹೇಳ್ಬೇಡಿ, ಗಾಬರಿ ಆಗ್ತಾಳೆ" ಎಂದು. ಮತ್ತೆ ಮತ್ತೆ ಅದನ್ನೇ ಹೇಳಿದರಂತೆ. "ನನ್ನ ಬಗ್ಗೆ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಒಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಲಾರಿಯವನ ಮೇಲಿನ ಸಿಟ್ಟಿಗಾಗಿ ಪ್ರಾರ್ಥಿಸಲು ಇಡೀ ಸಭೆಯಿದೆ. ನಿಮ್ಮ ಮೇಲೆ ಹುಟ್ಟಿದ ಈ ಹೊಟ್ಟೆಕಿಚ್ಚನ್ನು ದೇವರೊಬ್ಬನ ಮುಂದೆಯೇ ಇಟ್ಟಿದ್ದೇನೆ. ಇದನ್ನೂ ಕರ್ತನು ವಾಸಿ ಮಾಡುತ್ತಾನೆ ಎಂದು ನಂಬಿದ್ದೇನೆ. ಪತ್ರ ತಡವಾಗಿದ್ದು ಇದಕ್ಕೇ ಅತ್ತೆ. ಆ ಮಾತು ನಿಮ್ಮದು. ಕೊಡಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ತೆಗೆದುಕೊಳ್ಳಿ.