ನಕ್ಷೆಯಲ್ಲಿಲ್ಲದ ಸುರಂಗ

ತೆಬೆಕ್, ಅಕ್ಟೋಬರ್

ಅಪ್ಪಾ,

ತಲೆ ಚಿಟ್ಟು ಹಿಡಿದಿದೆ. ಹಿತ್ತಲಿನ ನೆಲ ಕುಸಿದು ಅಲ್ಲಿಟ್ಟಿದ್ದ ನಮ್ಮ ಮೂರು ಕಿಮ್ಚಿ ಉಪ್ಪಿನಕಾಯಿ ಜಾಡಿಗಳನ್ನು ನುಂಗಿಕೊಂಡಿದೆ. ಗಣಿ ಇಲಾಖೆಯ ಮ್ಯೊಂಗ್ ಎಂಬ ಅಧಿಕಾರಿ ಇವತ್ತು ನಾಲ್ಕನೆಯ ಸಲ ಬಂದಿದ್ದ. ಗುಂಡಿಯ ಅಂಚಿನಲ್ಲೇ ನಿಂತು, ನಕ್ಷೆ ಬಿಡಿಸಿ, "ಇಲ್ಲಿ ಸುರಂಗಾನೇ ಇಲ್ವಲ್ಲಮ್ಮಾ" ಅಂದ.

"ಹಾಗಾದ್ರೆ ಜಾಡಿಗಳೆಲ್ಲ ಎಲ್ಲಿಗೆ ಹೋದ್ವು ಸಾರ್, ಪೇಟೆಗಾ?"

"ನಕ್ಷೇಲಿ ಇಲ್ಲದ್ದನ್ನ ನಾನು ವರದೀಲಿ ಹೇಗೆ ಬರೀಲಿ? ಇಲ್ಲಿ ಅಗೆದವರು ಯಾರಾದ್ರೂ ಇದ್ರೆ ಅವರಿಂದ ಒಂದು ಹೇಳಿಕೆ ಕೊಡ್ಸಿ."

ಅಗೆದವನು ನೀನು. ಕಂಪನಿಯವರು ನಕ್ಷೆಗೆ ಹಾಕದೆ ಕದ್ದು ತೋಡಿಸಿದ ಆ ಸುರಂಗ ನಮ್ಮ ಮನೆಯ ಕೆಳಗೇ ಹಾದಿದೆ ಎಂದು, ಆಸ್ಪತ್ರೆಯಲ್ಲಿ ದಮ್ಮು ಕಟ್ಟುತ್ತಿದ್ದರೂ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದು ತೋರಿಸಿದ್ದೆ. "ಸಾಕಪ್ಪಾ, ಇನ್ನೂ ಗಣಿ ಮಾತೇನಾ?" ಎಂದು ನಾನು ಆ ಹಾಳೆಯಲ್ಲಿ ಮೀನಿನ ಮುಳ್ಳು ಸುತ್ತಿ ಬಿಸಾಡಿದೆ. ಇದನ್ನು ಮ್ಯೊಂಗ್‌ಗೆ ಹೇಳಲಿಲ್ಲ.

ಅವನು ಒಳಗೆ ಚಹಾ ಕುಡಿಯುವಷ್ಟರಲ್ಲಿ, ಹೊಸಿಲ ಬಳಿಯಿದ್ದ ಅವನ ಬೂಟುಗಳನ್ನು ನನಗರಿವಿಲ್ಲದೆ ಒಳಮುಖವಾಗಿ ತಿರುಗಿಸಿಟ್ಟಿದ್ದೆ.

"ಏನಮ್ಮಾ, ನನ್ನನ್ನ ಹೋಗೋಕೇ ಬಿಡಲ್ವಾ?" ಎಂದು ನಕ್ಕ.

ಏನು ಮಾಡಲಿ, ಅಭ್ಯಾಸ. ನೀನು ಗಣಿಗಿಳಿದ ದಿನವೆಲ್ಲ ಅಮ್ಮ ನಿನ್ನ ಚಪ್ಪಲಿಯನ್ನು ಹಾಗೆಯೇ ಇಡುತ್ತಿದ್ದಳಲ್ಲ, ಸುರಕ್ಷಿತವಾಗಿ ಮನೆಗೆ ಬರಲಿ ಎಂದು.

ಇವನಂತೂ ಬಂದೇ ಬರುತ್ತಾನೆ, ಅದೇ ನಕ್ಷೆ ಹಿಡಿದುಕೊಂಡು. ನಿನ್ನ ಚಪ್ಪಲಿ ಆರು ವರ್ಷದಿಂದ ಒಳಮುಖವಾಗಿಯೇ ಇದೆ.