ಹೊಗೆ ಬಿಡದೆ ಓಡಿದ ಕಾರು

ರೀ,

ನಾಳೆ ಓಬೋನ್ ಹಬ್ಬ, ನೀವು ಹೋದ ಮೇಲೆ ಮೊದಲನೆಯದು. ತೀರಿಹೋದವರು ಬೇಗ ಮನೆಗೆ ಬರಲೆಂದು ಎಲ್ಲರೂ ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡುತ್ತಿದ್ದಾರೆ. ನಿಮಗೆ ಕುದುರೆ ಯಾಕೆ, ನಿಮ್ಮ ಹಳೆಯ ಕಾರಿನ ಸದ್ದು ಕೇಳಿದರೆ ಸಾಕು ಎಂದುಕೊಂಡು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದೆ.

ಟ್ಯಾಂಕ್ ಬರಿದಾಗಿತ್ತು. ಏನು ಹಾಕಬೇಕೆಂದು ಮೊಬೈಲಿನಲ್ಲಿ ಹುಡುಕಿದೆ. ಈ ಕಾರಿಗೆ ಬರೀ ಪೆಟ್ರೋಲ್ ಸಾಕು ಎಂದು ಯಾರೋ ಫೋಟೊ ಸಮೇತ ಬರೆದಿದ್ದರು. ಕೆಳಗೆ ಎಷ್ಟೋ ಜನ ಧನ್ಯವಾದ ಹೇಳಿದ್ದರು. ನಾನೂ ನಂಬಿದೆ.

ಅದೇ ಸದ್ದು ಬಂತು. ಹೊಗೆ ಮಾತ್ರ ಇರಲಿಲ್ಲ. ಒಣಹಾಕಿದ ಬಟ್ಟೆಗೆಲ್ಲ ಹೊಗೆ ಹಿಡಿಯುತ್ತದೆಂದು ನಿಮ್ಮನ್ನು ಬೈಯುತ್ತಿದ್ದೆನಲ್ಲ, ಈಗ ಎಷ್ಟು ಚೊಕ್ಕವಾಗಿ ಓಡುತ್ತಿದೆ ಎಂದು ಹಿಗ್ಗಿದೆ. ಬಂದರಿನ ಏರಿನಲ್ಲಿ ಇಂಜಿನ್ ಒಮ್ಮೆ ಕಿರುಗುಟ್ಟಿ ನಿಂತುಹೋಯಿತು.

ನಿಮ್ಮ ಗೆಳೆಯ ಹಮಾನೊ ಬಂದು ನೋಡಿದರು.

“ಪೆಟ್ರೋಲಿಗೆ ಎಣ್ಣೆ ಬೆರೆಸಿದ್ರಾ, ಅತ್ತಿಗೆ?”

“ಬೇಡ ಅಂತ ಬರೆದಿದ್ರು.”

“ಅದು ಆಮೇಲೆ ಬಂದ ಇಂಜಿನ್ನಿಗೆ. ಬರೆದವನು ಇದನ್ನ ಕಣ್ಣಲ್ಲೂ ಕಂಡಿರಲ್ಲ. ಎಣ್ಣೆ ಇಲ್ದೆ ಇದು ಬದುಕಲ್ಲ. ಆ ಹೊಗೆ ಎಣ್ಣೆದೇ.”

“ಸರಿಮಾಡೋಕಾಗುತ್ತಾ?”

ಅವರು ಇಲ್ಲವೆಂದು ತಲೆಯಾಡಿಸಿದರು. ಇಂಜಿನ್ನಿನ ಮುಚ್ಚಳ ಹಾಕುತ್ತಾ, “ಅವನೇನಂತಿದ್ದ ಗೊತ್ತಾ? ‘ನಮ್ಮವಳು ಹೊಗೆಗೆ ಬೈತಿದಾಳೆ ಅಂದ್ರೆ ಇಂಜಿನ್ ಚೆನ್ನಾಗಿದೆ ಅಂತ’,” ಎಂದರು.

ಸಂಜೆ ನಾನೂ ಕುದುರೆ ಮಾಡಿದೆ. ಕಾಲು ಸರಿಯಾಗಿ ಊರುತ್ತಿಲ್ಲ. ಈ ವರ್ಷ ಅದರಲ್ಲೇ ಬನ್ನಿ. ನಾಳೆ ನಿಮಗೆ ದಾರಿ ಕಾಣಲೆಂದು ಬಾಗಿಲಲ್ಲಿ ಬೆಂಕಿ ಹಚ್ಚುತ್ತೇನೆ. ತಂತಿಯ ಮೇಲಿನ ಬಟ್ಟೆಯನ್ನು ಒಳಗೆ ತರುವುದಿಲ್ಲ.