ಮುಂದಿನ ಪಾಳಿಯವರ ಗಮನಕ್ಕೆ

ಓಲ್ಡ್ ಟೌನ್, ಭದ್ರಾವತಿ
೧೪ ಮೇ ೨೦೨೫, ಬುಧವಾರ

ಪ್ರೀತಿಯ ಮಗಳು ಕವನಳಿಗೆ,

ಅಪ್ಪನ ಆಶೀರ್ವಾದ. ಈ ಕವರ್ ಒಡೆದು ನೋಡುವಷ್ಟಾದರೂ ನಿನ್ನ ಸಿಟ್ಟು ಇಳಿದಿರಲಿ ಎಂದು ದೇವರಿಗೆ ಹೇಳಿಕೊಂಡೇ ಬರೆಯಲು ಕೂತಿದ್ದೇನೆ. ನೀನು ನನ್ನ ಫೋನ್ ಎತ್ತದೆ ಹದಿನೆಂಟು ದಿನವಾಯಿತು. ನಿನ್ನ ಅಮ್ಮನ ಜೊತೆ ಮಾತ್ರ ದಿನಾ ಮಾತು. ನಾನು ಹತ್ತಿರ ಸುಳಿದರೆ ಸಾಕು, ಶಾಂತಮ್ಮನವರು ಫೋನ್ ಹಿಡಿದುಕೊಂಡು ಅಡುಗೆಮನೆಗೆ ನಡೆದುಬಿಡುತ್ತಾರೆ. ಕೇಳಿದರೆ, ಮಗಳೇ ಬೇಡ ಅಂದಿದ್ದಾಳೆ, ನಾನೇನು ಮಾಡಲಿ ಎನ್ನುತ್ತಾರೆ. ಮೆಸೇಜಿನಲ್ಲಿ ಬರೆಯೋಣವೆಂದರೆ ನನ್ನ ಬೆರಳಿನ ಮೇಲೆ ನನಗೇ ನಂಬಿಕೆ ಹೋಗಿದೆ, ಯಾವ ಅಕೌಂಟಿಗೆ ಹೋಗಿ ಬೀಳುತ್ತದೋ. ಕಾಗದವಾದರೆ ನೀನೊಬ್ಬಳೇ ಓದುತ್ತೀಯ.

ಇದನ್ನೆಲ್ಲ ಶುರು ಮಾಡಿದವಳು ನೀನೇ ಎಂದರೆ ಮತ್ತೆ ಉರಿದುಬೀಳುತ್ತೀಯ. ಆದರೂ ಹೇಳುತ್ತೇನೆ. ಯುಗಾದಿ ಕಳೆದ ಮೇಲೆ, ದುರ್ಗಿಗುಡಿಯ ನಿನ್ನ ಬ್ಲೌಸ್ ಅಂಗಡಿಯಲ್ಲಿ ಹುಕ್ಸ್ ಹೊಲಿಯುತ್ತಾ ನನ್ನ ಪಾಡಿಗೆ ಕೂತಿದ್ದವನನ್ನು ಎಬ್ಬಿಸಿ, ನನ್ನ ಫೋನಿನಲ್ಲಿ ಪೋಸ್ಟ್ ಹಾಕಲು ಎರಡು ಅಕೌಂಟ್ ತೆರೆದುಕೊಟ್ಟೆ. ಒಂದು ಅಂಗಡಿಯದು, ಇನ್ನೊಂದು ನನ್ನದು. ಮದುವೆ ಸೀಸನ್ನಿನಲ್ಲಿ ನಿನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಹಾಗಾಗಿ ಅಂಗಡಿಯ ಪೋಸ್ಟ್ ನಾನು ಹಾಕಬೇಕು. ಅಂಗಡಿಯದರಲ್ಲಿ ಕೆಲಸದ ಮಾತು, ನನ್ನದರಲ್ಲಿ ನನ್ನ ಪುರಾಣ, ಎರಡನ್ನೂ ಬೆರೆಸಬಾರದು. ಉದ್ದ ಕೊರೆಯಬಾರದು, ಎರಡು ಮೂರು ಸಾಲು ಸಾಕು. ಸುಳ್ಳು ಬೇಡ. ಒಂದು ದಿನವೂ ತಪ್ಪಿಸಬಾರದು. ನೀನು ಹೇಳಿಕೊಟ್ಟ ಪಾಠ ಇಷ್ಟೇ.

ಕೇಳಿ ನನಗೆ ಎಷ್ಟು ಧೈರ್ಯ ಬಂತು ಗೊತ್ತೇ? ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ನಾನು ಬರೆದದ್ದೇ ಅದನ್ನು. ಕ್ರೇನ್ ಓಡಿಸುವವನು ಪಾಳಿ ಮುಗಿಸಿ ಮನೆಗೆ ಹೊರಡುವ ಮುಂಚೆ ಏನೇನು ಕೆಲಸವಾಯಿತು, ಯಾವುದು ಕೆಟ್ಟಿದೆ ಎಂದು ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಸರಿಯಿದ್ದದ್ದಕ್ಕೆ ಒಂದು ಸಾಲು, ಕೆಟ್ಟದ್ದಕ್ಕೆ ಎರಡು. ಮುಂದಿನ ಪಾಳಿಯವನು ಅದನ್ನು ಓದಿಕೊಂಡೇ ಕ್ರೇನ್ ಹತ್ತುತ್ತಿದ್ದ.

ಹಾಗೇ ನಿನ್ನ ಅಂಗಡಿಗೂ ಬರೆದೆ. ಐದು ಬ್ಲೌಸ್ ಮುಗಿದಿವೆ, ಎರಡನೇ ಮಷೀನಿನ ಬೆಲ್ಟ್ ಸಡಿಲವಾಗಿದೆ ಎಂದು ಹಾಕಿದ ದಿನ ನಲವತ್ತು ಜನ ಲೈಕ್ ಒತ್ತಿದರು. ನೀನೂ ಬಿದ್ದು ಬಿದ್ದು ನಕ್ಕೆ. ನಾನು ಉಬ್ಬಿಹೋದೆ. ಆ ಹುಮ್ಮಸ್ಸಿನಲ್ಲೇ ಏಪ್ರಿಲ್ ಇಪ್ಪತ್ತಾರರ ಶನಿವಾರ ಹೀಗೆ ಹಾಕಿಬಿಟ್ಟೆ: "ಬಸವರಾಜೇಶ್ವರಿ ಮೇಡಂ ಮನೆಯ ಮದುವೆಯ ಹನ್ನೊಂದು ಬ್ಲೌಸ್ ಕಟಿಂಗ್ ಆಗಿದೆ. ಮದುಮಗಳ ಬ್ಲೌಸಿನ ತೋಳು ಅರ್ಧ ಇಂಚು ಕಮ್ಮಿ ಕಟ್ ಆಗಿದೆ. ಪಟ್ಟಿ ಕೊಟ್ಟು ಸರಿಮಾಡಬೇಕು. ಮುಂದಿನ ಪಾಳಿಯವರ ಗಮನಕ್ಕೆ."

ನೀನು ಆಗಲೇ ಜರಿಯ ಪಟ್ಟಿ ತೆಗೆದಿಟ್ಟಿದ್ದೆ. ಕೂಡಿಸಿ ಹೊಲಿದಿದ್ದರೆ ಮೊದಲಿಗಿಂತ ಚೆಂದವೇ ಕಾಣುತ್ತಿತ್ತು. ಒಂದು ಗಂಟೆಯೊಳಗೆ ಮೇಡಂ ಬಂದು ಹನ್ನೊಂದೂ ಬಟ್ಟೆ ಎತ್ತಿಕೊಂಡು ಹೋದರು. ನೀನು ಅಳುತ್ತಾ ಆ ಪೋಸ್ಟ್ ಅಳಿಸು ಅಂದೆ. ನಾನು ಗಿರಾಕಿಗಳ ಮುಂದೆಯೇ, ಲಾಗ್ ಬುಕ್ಕಿನ ಹಾಳೆ ಹರಿಯಬಾರದು, ಬೇಕಾದರೆ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಬಹುದು ಎಂದು ವಾದಕ್ಕೆ ನಿಂತೆ. ಆಗ ನೀನಂದ ಮಾತು ಇನ್ನೂ ಕಿವಿಯಲ್ಲಿದೆ.

"ನಿಂಗೆ ನನಗಿಂತ ನಿನ್ನ ಲಾಗ್ ಬುಕ್ಕೇ ಹೆಚ್ಚಾಯ್ತಲ್ಲಪ್ಪ. ಇನ್ಮೇಲೆ ಅಂಗಡಿಗೆ ಬರ್ಬೇಡ."

ಇವತ್ತು ಬೆಳಿಗ್ಗೆ ಆ ಪೋಸ್ಟ್ ಅಳಿಸಿದ್ದೇನೆ. ಅಂಗಡಿಯ ಅಕೌಂಟನ್ನೂ ನನ್ನ ಫೋನಿನಿಂದ ತೆಗೆದುಹಾಕಿದ್ದೇನೆ. ಅಂಗಡಿ ನಿನ್ನದು, ಬೆವರು ನಿನ್ನದು, ಯಾವ ತಪ್ಪನ್ನು ಯಾರಿಗೆ ಹೇಳಬೇಕೆಂದು ನಿಶ್ಚಯಿಸುವವಳೂ ನೀನು. ತಪ್ಪು ಪೂರ್ತಿ ನನ್ನದೇ ಮಗಳೇ, ಕ್ಷಮಿಸು. ಕ್ಷಮಿಸು ಎಂದು ನಿನಗೆ ಹೇಳುವುದು ಇದೇ ಮೊದಲು ಅನಿಸುತ್ತದೆ.

ಆದರೆ ಅಷ್ಟೊಂದು ಹಟ ಯಾಕೆ ಮಾಡಿದೆ ಎಂಬುದನ್ನೂ ಹೇಳಬೇಕು. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ.

ನೀನು ಹುಟ್ಟಿದ ದಿನ ನನಗೆ ಮೊದಲ ಪಾಳಿ. ಬೆಳಿಗ್ಗೆಯಿಂದ ಕ್ರೇನಿನ ಬ್ರೇಕ್ ಸ್ವಲ್ಪ ಜಾರುತ್ತಿತ್ತು, ನಿಲ್ಲಿಸಿದ ಮೇಲೂ ಭಾರ ಒಂದು ಗೇಣು ಕೆಳಗಿಳಿಯುತ್ತಿತ್ತು. ಎರಡು ಗಂಟೆಗೆ ಪಾಳಿ ಮುಗಿಯಬೇಕು, ಐದು ನಿಮಿಷ ಮುಂಚೆ ಹೆಣ್ಣು ಮಗು ಅಂತ ಗೇಟಿನಿಂದ ಸುದ್ದಿ ಬಂತು. ಲಾಗ್ ಬುಕ್ ಇದ್ದದ್ದು ಶೆಡ್ಡಿನ ಆಚೆ ತುದಿಯಲ್ಲಿ. ನಾಳೆ ಬರೆದರಾಯಿತು ಎಂದುಕೊಂಡು ಆಸ್ಪತ್ರೆಗೆ ಓಡಿದೆ. ನೀನು ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಆಗಲೇ ಯಾರ ಮೇಲೋ ಸಿಟ್ಟಾದಂತೆ ಮಲಗಿದ್ದೆ. ನಾನು ವಾರ್ಡಿನಲ್ಲಿ ಪೇಡ ಹಂಚುತ್ತಿದ್ದ ಹೊತ್ತಿಗೆ, ಮುಂದಿನ ಪಾಳಿಯಲ್ಲಿ ಕೆಳಗೆ ನಿಂತು ಸರಪಳಿ ಕಟ್ಟುತ್ತಿದ್ದ ಮಲ್ಲಿಕ್‌ನ ಕಾಲ ಮೇಲೆ ಭಾರ ಜಾರಿತು. ಬಲಗಾಲಿನ ಮೂರು ಬೆರಳು ಹೋದವು.

ಮರುದಿನ ಹೋಗಿ ನೋಡಿದರೆ ನನ್ನ ಸಾಲು ಖಾಲಿಯಿತ್ತು. ಬ್ರೇಕ್ ಇದ್ದಕ್ಕಿದ್ದಂತೆ ಕೈಕೊಟ್ಟಿತು ಎಂದು ಎಲ್ಲರೂ ಅಂದರು. ನಾನು ಬಾಯಿ ಬಿಡಲಿಲ್ಲ. ಫೌಂಡ್ರಿ ಮುಚ್ಚುವವರೆಗೂ ಮಲ್ಲಿಕ್ ಜೊತೆ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡಿದ್ದೇನೆ, ಒಂದು ದಿನವೂ ಅವನ ಕಾಲಿನ ಕಡೆ ನೋಡಿಲ್ಲ. ಆಮೇಲೆ ಒಂದು ನಟ್ಟು ಸಡಿಲವಿದ್ದರೂ ಬರೆದೇ ಮನೆಗೆ ಬರುತ್ತಿದ್ದೆ. ಅದೇ ಹುಚ್ಚನ್ನು ತಂದು ನಿನ್ನ ಅಂಗಡಿಯಲ್ಲಿ ಸುರಿದೆ.

ನೀನು ಇದನ್ನು ನಿನ್ನ ಹುಟ್ಟಿಗೆ ಗಂಟು ಹಾಕಿಕೊಂಡು ಕೊರಗಬೇಡ. ಅಷ್ಟು ಖುಷಿಯ ದಿನ ನನಗೆ ಮತ್ತೊಂದು ಬಂದಿಲ್ಲ. ಅದಕ್ಕೇ ಇಷ್ಟು ವರ್ಷ ಹೇಳಲಾಗಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಬರೀ ಟೀ ಕುಡಿದು ಸಂಜೆಯವರೆಗೆ ಮಷೀನ್ ತುಳಿಯುತ್ತೀಯಂತೆ, ನಿನ್ನ ಅಮ್ಮ ಅಡುಗೆಮನೆಯಿಂದ ಹೇಳುವುದು ನನಗೂ ಕೇಳಿಸುತ್ತದೆ.

ನೀನು ಬರಬೇಡ ಅಂದರೂ ನಿನ್ನವನೇ ಆದ,
ಅಪ್ಪ
ಚೌಡಯ್ಯ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಧೈರ್ಯ ಸಾಲದೆ ಇದನ್ನು ಕೊನೆಗೆ ಉಳಿಸಿಕೊಂಡೆ. ನಿನ್ನೆ ನನ್ನ ಸ್ವಂತ ಅಕೌಂಟಿನಲ್ಲಿ ಆ ಖಾಲಿ ಸಾಲು ತುಂಬಿದೆ: "೯ ಆಗಸ್ಟ್ ೧೯೯೬, ಮೊದಲ ಪಾಳಿ. ಕ್ರೇನ್ ಬ್ರೇಕ್ ಜಾರುತ್ತಿದೆ. ನನಗೆ ಗೊತ್ತಿತ್ತು, ಬರೆಯಲಿಲ್ಲ. ಚೌಡಯ್ಯ." ನಮ್ಮ ಫೌಂಡ್ರಿಯ ಆನಂದ್ ಅದನ್ನು ದಾವಣಗೆರೆಯಲ್ಲಿರುವ ಮಲ್ಲಿಕ್‌ಗೆ ಕಳಿಸಿದನಂತೆ. ಇವತ್ತು ಬೆಳಿಗ್ಗೆ ಅದರ ಕೆಳಗೆ ಮಲ್ಲಿಕ್ ಬರೆದಿದ್ದಾನೆ: "ಆವತ್ತೇ ಗೊತ್ತಿತ್ತು ಕಣೋ. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಮಗಳು ಹೇಗಿದ್ದಾಳೆ?"

ನಾನಿನ್ನೂ ಉತ್ತರ ಹಾಕಿಲ್ಲ. ಏನೆಂದು ಬರೆಯಲಿ, ಫೋನ್ ಮಾಡಿ ಹೇಳು.